ಬಾಗಿಲ ಹೊರಗೆ ಕೂತ ಮಗ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ, ನನ್ನ ಮನೆಗೆ ಬಂದ ಅಮ್ಮನನ್ನು ಇಲ್ಲಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನ ಮಾತನ್ನು ನಾನೇ ಇಂಗ್ಲಿಷಿನಲ್ಲಿ ಹೇಳುತ್ತೇನೆಂದರೂ ಡಾಕ್ಟರಮ್ಮ ಒಪ್ಪಲಿಲ್ಲ. ಫೋನಿನಲ್ಲಿ ಕನ್ನಡದ ದುಭಾಷಿಯೊಬ್ಬರನ್ನು ಹಿಡಿದು, ನನ್ನನ್ನು ಹೊರಗೆ ಕೂರಿಸಿದರು. ಬಾಗಿಲು ಮುಚ್ಚುವಾಗ ದುಭಾಷಿಯ ದನಿ ಕೇಳಿಸಿತು: "ಅಮ್ಮಾ, ನೀವು ಹೇಳಿದ್ದನ್ನ ನೀವು ಒಪ್ಪದೆ ಮಗನಿಗೂ ಹೇಳಲ್ವಂತೆ." ನನಗೆ ಸಿಟ್ಟೇ ಬಂತು. ಹೆತ್ತ ಮಗ ಪರಕೀಯನೇ?

ನಮ್ಮೂರು ತೀರ್ಥಹಳ್ಳಿ ಕಡೆ. ರಾತ್ರಿ ಹನ್ನೊಂದಕ್ಕೆ ಕರೆದರೂ ಸ್ಕೂಟರಿನಲ್ಲಿ ಬರುವ, ಮನೆಯವರಂತೆಯೇ ಆಗಿಬಿಟ್ಟ ಡಾಕ್ಟರನ್ನು ಕಂಡು ಬೆಳೆದವನು ನಾನು. ಆ ಅಕ್ಕರೆ ಇಲ್ಲಿ ಸಿಗುವುದಿಲ್ಲ, ಅದು ನಿಜ.

ಆದರೆ 2008ರಲ್ಲಿ ಅಪ್ಪನಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ದೊಡ್ಡಾಸ್ಪತ್ರೆಯ ವೈದ್ಯರು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, "ಅವರಿಗೆ ಹೇಳೋದು ಬೇಡ, ಧೈರ್ಯ ಕಳ್ಕೋತಾರೆ" ಅಂದರು. ನಾನೂ ತಲೆಯಾಡಿಸಿದೆ. ಅಪ್ಪ ನಾಲ್ಕು ತಿಂಗಳು ಗ್ಯಾಸ್ಟ್ರಿಕ್ ಎಂದುಕೊಂಡೇ ಇದ್ದರು. ತೋಟದ ಪಾಲುಪತ್ರ ಮಾಡಿಸಬೇಕೆಂದಿದ್ದವರು, ಗುಣವಾದ ಮೇಲೆ ನೋಡೋಣ ಎಂದು ಮುಂದೂಡಿದರು. ಆ ದಿನ ಬರಲೇ ಇಲ್ಲ.

ನಮ್ಮಲ್ಲಿ ನಿಯಮ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಾವಳಿಯಲ್ಲೇ ರೋಗಿಯ ಗುಟ್ಟನ್ನು ವೈದ್ಯರು ಬಯಲು ಮಾಡಬಾರದೆಂದಿದೆ, ನ್ಯಾಯಾಲಯದ ಆದೇಶದಂಥ ಕೆಲವು ಸಂದರ್ಭ ಬಿಟ್ಟು. ಆದರೆ ಅದೇ ನಿಯಮಾವಳಿ, ಕಾಯಿಲೆಯ ಸ್ಥಿತಿ ರೋಗಿಗೆ, ಬಂಧುಗಳಿಗೆ ಅಥವಾ ಜವಾಬ್ದಾರಿಯುಳ್ಳ ಸ್ನೇಹಿತರಿಗೆ ತಿಳಿದಿರಬೇಕು ಎನ್ನುತ್ತದೆ. ಆ ಒಂದು 'ಅಥವಾ'ದಲ್ಲಿ ನಮ್ಮಪ್ಪ ಕೈಬಿಟ್ಟುಹೋದರು. ಇಲ್ಲಿ ವೈದ್ಯರ ಮೇಲೆ ನಿಗಾ ಇಡುವ ಜನರಲ್ ಮೆಡಿಕಲ್ ಕೌನ್ಸಿಲ್ ಪ್ರಕಾರ ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ವಿಷಯವನ್ನು ಮನೆಯವರಿಗೆ ಹೇಳಬೇಕಾದರೆ ಮೊದಲು ಆ ರೋಗಿಯನ್ನೇ ಕೇಳಬೇಕು.

ಅವತ್ತು ಅಮ್ಮ ಇಪ್ಪತ್ತು ನಿಮಿಷ ಒಳಗಿದ್ದಳು. ವಾರ ಕಳೆದ ಮೇಲೆ, ಹುರುಳಿಕಾಯಿ ನಾರು ತೆಗೆಯುತ್ತ ತಾನಾಗಿಯೇ ಹೇಳಿದಳು: ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆಯಾಗುತ್ತಿತ್ತಂತೆ, ಎಷ್ಟೋ ವರ್ಷದಿಂದ. ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದು ಅದಕ್ಕೇ ಅಂತೆ. ಊರಿನ ಡಾಕ್ಟರ ಎದುರು ನಾನೋ ತಮ್ಮನೋ ಪಕ್ಕದಲ್ಲೇ ಕೂತಿರುತ್ತಿದ್ದೆವು. ಹೇಗೆ ಹೇಳುತ್ತಾಳೆ? ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಊರಿಗೆ ಮರಳಿದ ಮೇಲೆ ಅದೇ ಹಳೆಯ ಡಾಕ್ಟರ ಹತ್ತಿರ ಹೋದಾಗ ತಮ್ಮನಿಗೆ, "ನೀ ಸ್ವಲ್ಪ ಹೊರಗೆ ಕೂತಿರು ಮಾರಾಯ" ಅಂದಳಂತೆ. ಡಾಕ್ಟರು ಎದ್ದು ತಾವೇ ಬಾಗಿಲು ಹಾಕಿಕೊಂಡರಂತೆ.