ಹಾಡಿಗಿಂತ ಮೊದಲು ಮಕ್ಕಳ ಆರೈಕೆ
ಬ್ರಿಟನ್ನಿನ ಸೈನಿಕ ಪತ್ನಿಯರ ಗಾಯನ ವೃಂದಗಳು ಒಂದು ಟಿವಿ ಕಾರ್ಯಕ್ರಮದಿಂದ ಹುಟ್ಟಿದವು ಎಂದು ಲೇಖನವೊಂದು ಹೇಳುತ್ತದೆ. ಆ ಮಾತು ಪೂರ್ತಿ ಸರಿಯಲ್ಲ. ಆ ಕಾರ್ಯಕ್ರಮದ ಬೆನ್ನಿಗೆ, 2011ರ ಕ್ರಿಸ್‌ಮಸ್‌ಗೆ, ಅವರ ಹಾಡು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ನಿಜ. ಆದರೆ ಇಂಗ್ಲೆಂಡಿನ ಕ್ಯಾಟರಿಕ್ ಸೇನಾ ನೆಲೆಯಲ್ಲಿ 2010ರಲ್ಲೇ, ಗಂಡಂದಿರು ಅಫ್ಘಾನಿಸ್ತಾನದಲ್ಲಿದ್ದಾಗ, ಹೆಂಗಸರೇ ಕೂಡಿ ಹಾಡತೊಡಗಿದ್ದರು. ಸೇರಲು ಧ್ವನಿ ಪರೀಕ್ಷೆ ಇಲ್ಲದಿರುವುದೇ ಈ ವೃಂದಗಳ ಜೀವಾಳ. ಗಂಡನಿಗೆ ವರ್ಗವಾದರೆ ಹೊಸ ನೆಲೆಯ ವೃಂದ ಸೇರಬಹುದು. ಅಪರಿಚಿತ ಊರಲ್ಲಿ ಅದು ದೊಡ್ಡ ಆಸರೆ.

ಆದರೆ ಅಭ್ಯಾಸದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ, ಯಾರಿಗಾಗಿ ವೃಂದವಿದೆಯೋ ಆ ತಾಯಿಯೇ, ಗಂಡ ದೂರವಿದ್ದು ಒಂಟಿಯಾಗಿರುವವಳೇ, ಬರಲಾರಳು. ಹಾಡಿಸುವವರೂ ಸೈನಿಕನ ಪತ್ನಿಯಾದರೆ ವರ್ಗಾವಣೆಯಲ್ಲಿ ಅವರೂ ಹೊರಟುಬಿಡುತ್ತಾರೆ, ಹಾಗಾಗಿ ಮೊದಲಿನಿಂದಲೇ ಇನ್ನೊಬ್ಬರನ್ನು ತಯಾರು ಮಾಡಿರಬೇಕು. ಅಗಲಿಕೆಯ ಹಾಡನ್ನು ಶುರುವಿಗೇ ಎತ್ತಿಕೊಂಡರೆ ಗಂಟಲು ಬಿಗಿದು ಉಸಿರು ತುಂಡಾಗುತ್ತದೆ. ಹತ್ತು ನಿಮಿಷ ಉಸಿರಿನ ಅಭ್ಯಾಸ, ಲವಲವಿಕೆಯ ಒಂದು ಹಾಡು, ಆಮೇಲೆ ಅಗಲಿಕೆಯ ಹಾಡು.