ಜೀವನಾಂಶ: ಸುದ್ದಿಯಾಗುವ ಕೋಟಿಗಳು, ಸುದ್ದಿಯಾಗದ ಲೆಕ್ಕ

ವಿಚ್ಛೇದನದ ಪ್ರಕರಣವೊಂದರಲ್ಲಿ ಕೋಟಿ ಲೆಕ್ಕದ ಜೀವನಾಂಶದ ಆದೇಶ ಹೊರಬಿದ್ದಾಗಲೆಲ್ಲ ಇಲ್ಲಿ ಎರಡು ಬಣಗಳು ಎದ್ದು ನಿಲ್ಲುತ್ತವೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ 5 ಕೋಟಿ, ಕೆಲವೇ ದಿನಗಳ ನಂತರ ಮತ್ತೊಂದರಲ್ಲಿ 12 ಕೋಟಿ ರೂಪಾಯಿ ಗೊತ್ತುಮಾಡಿದಾಗಲೂ ಹಾಗೆಯೇ ಆಯಿತು. ಆದರೆ ಆ ಎರಡನೆಯ ತೀರ್ಪಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಪಂಕಜ್ ಮಿತ್ತಲ್ ಅವರ ಪೀಠ, ಗಂಡ ಹೆಂಡಿರ ಸಂಪತ್ತನ್ನು ಸರಿಸಮ ಮಾಡುವುದು ಜೀವನಾಂಶದ ಉದ್ದೇಶವಲ್ಲ ಎಂದು ಹೇಳಿದ್ದು, ಬೇರೆಯಾದ ಮೇಲೆ ಗಂಡ ಪಾಪರಾಗಿದ್ದರೆ ಆಗಲೂ ಹೆಂಡತಿ ಈ ಸಮಪಾಲನ್ನು ಕೇಳುತ್ತಿದ್ದಳೇ ಎಂದು ಪ್ರಶ್ನಿಸಿದ್ದು ಜಗಳವಾಡಿದವರಲ್ಲಿ ಎಷ್ಟು ಜನರ ಕಣ್ಣಿಗೆ ಬಿತ್ತೋ ತಿಳಿಯದು.

ಕಾನೂನಿನಲ್ಲಿ ಜೀವನಾಂಶಕ್ಕೆ ಸಿದ್ಧ ಸೂತ್ರವಿಲ್ಲ. ಗಂಡನ ಸಂಬಳದ ಶೇ. 25ರಷ್ಟು ಎಂದು ಜನ ಹೇಳುವುದು 2017ರ ಸುಪ್ರೀಂ ಕೋರ್ಟ್ ತೀರ್ಪೊಂದರಿಂದ ಬಂದದ್ದು. ಕೈಗೆ ಬರುವ ಸಂಬಳದಲ್ಲಿ ಅಷ್ಟು ಕೊಡುವುದು ನ್ಯಾಯವೆಂದು ಕೋರ್ಟ್ ಅಲ್ಲಿ ಹೇಳಿತೇ ಹೊರತು, ಕಾಯ್ದೆಯ ಯಾವ ಕಲಮಿನಲ್ಲೂ ಆ ಪ್ರಮಾಣವಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 25ನೇ ಕಲಮು ಕೇಳುವುದು ಇಬ್ಬರ ಆದಾಯ, ಇಬ್ಬರ ಆಸ್ತಿ, ಇಬ್ಬರ ನಡತೆ ಮತ್ತು ಪ್ರಕರಣದ ಇತರ ಸಂದರ್ಭಗಳನ್ನು. ಅದರ ಅಡಿಯಲ್ಲಿ ಗಂಡನೂ ಅರ್ಜಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಮಿನಲ್ಲಿ ಮಾತ್ರ ಆ ಅವಕಾಶ ಗಂಡನಿಗಿಲ್ಲ. ಅದು ಹೆಂಡತಿ, ಮಕ್ಕಳು ಮತ್ತು ತಂದೆತಾಯಿಗಾಗಿ ಇರುವಂಥದ್ದು.

ನನ್ನ ಅಭಿಪ್ರಾಯದಲ್ಲಿ ಜೀವನಾಂಶದ ನಿಜವಾದ ಹಣಾಹಣಿ ನಡೆಯುವುದು ತೀರ್ಪಿನ ದಿನವಲ್ಲ, ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಕೆಯಾಗುವ ದಿನ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಮತ್ತು ನ್ಯಾಯಮೂರ್ತಿ ಆರ್. ಸುಭಾಷ್ ರೆಡ್ಡಿ ಅವರ ಪೀಠ, ಇಂಥ ಪ್ರಕರಣಗಳಲ್ಲಿ ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಪ್ರಮಾಣ ಮಾಡಿ ಬರೆದುಕೊಡಬೇಕೆಂದು ವಿಧಿಸಿ, ಅದರ ನಮೂನೆಯನ್ನೂ ತೀರ್ಪಿಗೆ ಲಗತ್ತಿಸಿತು. ಬೇಸಾಯದವರಿಗೆ ಪ್ರತ್ಯೇಕ ನಮೂನೆಯೇ ಇದೆ. ಅದರಲ್ಲಿ ಜಮೀನಿನ ವಿಸ್ತೀರ್ಣ, ಬೆಳೆಗಳಷ್ಟೇ ಅಲ್ಲ, ದನ, ಎಮ್ಮೆ, ಆಡು, ಕೋಳಿ, ಜೇನು ಸಾಕಣೆಯ ಆದಾಯದ ಲೆಕ್ಕವನ್ನೂ ಕೇಳಲಾಗಿದೆ. ಕುಟುಂಬ ನ್ಯಾಯಾಲಯದ ಒಂದು ಕಾಗದದಲ್ಲಿ ಕೊಟ್ಟಿಗೆಯ ಎಣಿಕೆಗೂ ಜಾಗ ಸಿಕ್ಕಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಯಾಕೆಂದರೆ ಸಂಬಳದಾರನ ಆದಾಯವನ್ನು ಸ್ಯಾಲರಿ ಸ್ಲಿಪ್ಪು ಹೇಳಿಬಿಡುತ್ತದೆ, ಕಷ್ಟವಿರುವುದು ಉಳಿದವರ ವಿಷಯದಲ್ಲಿ. ತೋಟದ ಪಹಣಿ ಅಪ್ಪನ ಹೆಸರಿನಲ್ಲಿರುತ್ತದೆ, ಅಂಗಡಿಯ ಲೈಸೆನ್ಸು ಅಣ್ಣನದು, ಓಡಾಡುವ ಕಾರು ಭಾವಮೈದುನನದು, ತೆರಿಗೆಯ ರಿಟರ್ನ್ಸ್‌ನಲ್ಲಿ ಮಾತ್ರ ಬಡತನ. ಎದುರು ಪಕ್ಷದ ಪ್ರಮಾಣಪತ್ರವೂ ಯಾವಾಗಲೂ ಹರಿಶ್ಚಂದ್ರನದೇ ಆಗಿರುವುದಿಲ್ಲ. ಕೆಲಸವಿದ್ದೂ ಇಲ್ಲವೆಂದು ಬರೆಯುವವರು, ನೋಟಿಸು ಬಂದ ಮೇಲೆ ರಾಜೀನಾಮೆ ಕೊಡುವವರು ಎರಡೂ ಕಡೆ ಇದ್ದಾರೆ. ಬ್ಯಾಂಕ್ ಸ್ಟೇಟ್‌ಮೆಂಟು, ಕ್ರೆಡಿಟ್ ಕಾರ್ಡ್ ಬಿಲ್ಲು, ಮಕ್ಕಳ ಶಾಲೆಯ ಫೀಸಿನ ರಸೀತಿ ಇವೆಲ್ಲ ಆಗ ಮಾತಾಡಬೇಕಾಗುತ್ತದೆ. ಸುಳ್ಳು ಪ್ರಮಾಣ ಮಾಡಿದವರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಕೋರ್ಟಿಗೆ ಇದ್ದರೂ ಅದನ್ನು ಇನ್ನಷ್ಟು ಧೈರ್ಯವಾಗಿ ಬಳಸಬೇಕು ಎಂಬುದು ನನ್ನ ದೂರು.

ಓದಿದ ಹೆಂಡತಿಗೆ ಜೀವನಾಂಶ ಏಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ತಿಂಗಳಿಗೆ 6 ಲಕ್ಷಕ್ಕೂ ಮೀರಿದ ಬೇಡಿಕೆಯ ವಿಚಾರಣೆ ನಡೆದಾಗ, ಅಷ್ಟು ಖರ್ಚು ಮಾಡಬೇಕಿದ್ದರೆ ಆಕೆಯೇ ದುಡಿಯಲಿ ಎಂದು ನ್ಯಾಯಮೂರ್ತಿಗಳು ಹೇಳಿದ ವಿಡಿಯೋ ಎಲ್ಲೆಡೆ ಹರಿದಾಡಿತು. ಆ ಮಾತು ಆ ಬೇಡಿಕೆಗೆ ತಕ್ಕದ್ದೇ ಆಗಿತ್ತು. ಆದರೆ ಅದನ್ನು ಎಲ್ಲ ಹೆಂಗಸರಿಗೂ ಅನ್ವಯಿಸುವವರು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಇನ್ನೊಂದು ಮಾತನ್ನೂ ಓದಬೇಕು: ದುಡಿಯುವ ಸಾಮರ್ಥ್ಯ ಇರುವುದು ಬೇರೆ, ದುಡಿಯುತ್ತಿರುವುದು ಬೇರೆ. ಇಪ್ಪತ್ತೆರಡರ ಪ್ರಾಯದಲ್ಲಿ ಬಿ.ಇ. ಮುಗಿಸಿ, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು, ಹದಿನೈದು ವರ್ಷ ಅತ್ತೆಮಾವಂದಿರ ಔಷಧ, ಮಕ್ಕಳ ಹೋಂವರ್ಕ್ ನೋಡಿಕೊಂಡವಳಿಗೆ ನಲವತ್ತರಲ್ಲಿ ಯಾವ ಕಂಪನಿ ಎಷ್ಟು ಸಂಬಳ ಕೊಡುತ್ತದೆ ಎಂಬುದನ್ನು ಅವಳ ಪದವಿ ಪ್ರಮಾಣಪತ್ರ ಹೇಳುವುದಿಲ್ಲ. 2020ರ ತೀರ್ಪು ಈ ತ್ಯಾಗವನ್ನೂ ಲೆಕ್ಕಕ್ಕೆ ಹಿಡಿಯಲು ಹೇಳಿರುವುದು ಸರಿಯಾಗಿಯೇ ಇದೆ.

ಇನ್ನು ಕಾಲದ ವಿಷಯ. ಮಧ್ಯಂತರ ಜೀವನಾಂಶದ, ಅಂದರೆ ಪ್ರಕರಣ ಮುಗಿಯುವವರೆಗೆ ಕೊಡಬೇಕಾದ ಹಣದ, ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಷ್ಟೂ ಮುಗಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಈ ‘ಸಾಧ್ಯವಾದಷ್ಟೂ’ ಎಂಬ ಎಡೆಯಲ್ಲಿ ವಾಯಿದೆಯ ಮೇಲೆ ವಾಯಿದೆ ಬೀಳುತ್ತಾ ಹೋಗುತ್ತದೆ. ಆದೇಶ ಎಂದೇ ಆಗಲಿ, ಹಣ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕೆಂದು 2020ರಲ್ಲಿ ಸ್ಪಷ್ಟಪಡಿಸಿದ್ದು ದೊಡ್ಡ ಸಮಾಧಾನವಾದರೂ, ಎರಡು ವರ್ಷದ ಬಾಕಿ ಒಟ್ಟಿಗೆ ಸಿಕ್ಕರೆ ಆ ಎರಡು ವರ್ಷದ ಮನೆ ಬಾಡಿಗೆಯನ್ನು ತವರಿನವರು ಕೊಟ್ಟದ್ದು ಸುಳ್ಳಾಗುವುದಿಲ್ಲ.

ಆದೇಶ ಕೈಗೆ ಬಂದವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಬಿಎನ್‌ಎಸ್‌ಎಸ್ 144ರ ಅಡಿ ಬಾಕಿ ಉಳಿಸಿಕೊಂಡವರಿಗೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ವಿಧಿಸಬಹುದು, ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರುವುದೂ ಇಲ್ಲ. ಆದರೆ ವಸೂಲಿ ವಾರಂಟಿಗೆ, ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು.