‘ಬಂದೆ’ ಅಂದವರು ಯಾರು?

ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸ್ (ಪದಗುಚ್ಛ) ಯಾವುದು, ಕ್ಲಾಜ್ (ಉಪವಾಕ್ಯ) ಯಾವುದು ಅಂತ ಗುರುತಿಸಲು ಹೈಸ್ಕೂಲಿನಲ್ಲಿ ಒಂದು ಗುಟ್ಟು ಹೇಳಿಕೊಡುತ್ತಾರೆ. ಒಳಗೆ ಸಬ್ಜೆಕ್ಟೂ (ಕರ್ತೃ) ವರ್ಬೂ (ಕ್ರಿಯಾಪದ) ಇದ್ದರೆ ಕ್ಲಾಜ್, ಇಲ್ಲದಿದ್ದರೆ ಫ್ರೇಸ್. ‘ಆಫ್ಟರ್ ದ ರೇನ್’ ಫ್ರೇಸ್. ‘ಆಫ್ಟರ್ ದ ರೇನ್ ಸ್ಟಾಪ್ಡ್’ ಕ್ಲಾಜ್. ಇಷ್ಟು ಗೊತ್ತಿದ್ದರೆ ಪರೀಕ್ಷೆಯಲ್ಲಿ ಒಂದೆರಡು ಮಾರ್ಕ್ಸಿಗೆ ಮೋಸವಿಲ್ಲ.

ಆದರೂ ನಮ್ಮ ಮಕ್ಕಳಿಗೆ ಇದು ತಲೆಗೆ ಹತ್ತದಿದ್ದರೆ ಬೈದು ಪ್ರಯೋಜನವಿಲ್ಲ. ಮನೆಯಲ್ಲಿ ಆಡುವ ಮಾತಿಗೆ ಸಬ್ಜೆಕ್ಟು, ವರ್ಬು ಎರಡರ ಹಂಗೂ ಇಲ್ಲ ನೋಡಿ. ಯಾರಾದರೂ ಬಾಗಿಲು ತಟ್ಟಿದರೆ ಒಳಗಿನಿಂದ ‘ಬಂದೆ’ ಅನ್ನುತ್ತೇವೆ. ‘ನಾನು’ ಎಲ್ಲಿ? ಆ ಪದದ ಬಾಲದಲ್ಲೇ ಇದ್ದಾನೆ. ಇಂಗ್ಲಿಷಿನಲ್ಲಿ ಬರೀ ‘ಕೇಮ್’ ಅಂದರೆ ಬಂದವನು ನಾನೋ ನೀನೋ ಪಕ್ಕದ ಮನೆಯವನೋ ತಿಳಿಯುವುದಿಲ್ಲ. ಇನ್ನು ‘ಇವರು ನಮ್ಮ ಮೇಷ್ಟ್ರು.’ ಇದರಲ್ಲಿ ಕ್ರಿಯಾಪದ ಎಲ್ಲಿ? ಇಲ್ಲವೇ ಇಲ್ಲ, ಇಲ್ಲ ಅಂತ ಯಾರಿಗೂ ಅನ್ನಿಸಿಯೂ ಇಲ್ಲ. ಅದನ್ನೇ ‘ಹಿ ಅವರ್ ಟೀಚರ್’ ಅಂತ ಬರೆದರೆ ಅದೇ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಾರೆ.

ಇಂಗ್ಲಿಷಿನದು ಇದರಲ್ಲಿ ಸ್ವಲ್ಪ ಜಾಸ್ತಿಯೇ ಆಯಿತು. ಮಳೆ ಬಂದರೂ ‘ಇಟ್ ಈಸ್ ರೈನಿಂಗ್’ ಅನ್ನಬೇಕು. ಆ ‘ಇಟ್’ ಯಾರು ಸಾರ್ ಅಂತ ಕೇಳಿದ ಹುಡುಗನಿಗೆ ‘ಸುಮ್ನೆ ಕೂತ್ಕೊಳೋ’ ಅನ್ನುವ ಉತ್ತರವೇ ಸಿಗುವುದು. ಪ್ರಶ್ನೆ ಒಳ್ಳೆಯದೇ. ಅಲ್ಲಿ ಯಾರೂ ಇಲ್ಲ. ಕುರ್ಚಿ ಖಾಲಿ ಬಿಡಬಾರದು ಅಂತ ಕೂರಿಸಿದ ಹೆಸರಿಗಷ್ಟೇ ಅಧ್ಯಕ್ಷರು ಅವರು.

ಅಲ್ಪವಿರಾಮದ ಕಾಟ ಬೇರೆ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು’ ಅಂತ ಕಾಮಾ ಇಲ್ಲದೆ ಬರೆದರೆ ಬೇರೆ ಅಣ್ಣತಮ್ಮಂದಿರೂ ಇದ್ದಾರೆ, ಇವನು ಮೈಸೂರಿನವನು ಅಂತ ಅರ್ಥ. ‘ಬ್ರದರ್’ ಆದ ಮೇಲೆ ಕಾಮಾ ಬಿದ್ದರೆ ಇರುವವನು ಒಬ್ಬನೇ, ಊರು ಸುಮ್ನೆ ಹೇಳಿದ್ದು. ಆಸ್ತಿ ಪತ್ರ ಬರೆಸುವವರು ಹುಷಾರಾಗಿರಬೇಕು, ಅಲ್ವಾ?

ತಮಾಷೆಯಲ್ಲ, ಅಮೆರಿಕದ ಮೇನ್ ರಾಜ್ಯದಲ್ಲಿ ಇಂಥದ್ದು ಕೋರ್ಟಿಗೇ ಹೋಗಿತ್ತು. ಯಾವ್ಯಾವ ಕೆಲಸಕ್ಕೆ ಓವರ್‌ಟೈಮ್ ಕೊಡಬೇಕಿಲ್ಲ ಅಂತ ಅಲ್ಲಿನ ಕಾನೂನಿನಲ್ಲಿ ಪಟ್ಟಿ ಇತ್ತು. ಪಟ್ಟಿಯ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅಂತಿತ್ತು, ‘ಆರ್’ ಹಿಂದೆ ಕಾಮಾ ಇರಲಿಲ್ಲ. ಇದು ಒಂದೇ ಫ್ರೇಸೋ, ಅಂದರೆ ಸಾಗಿಸಲೋ ಹಂಚಲೋ ಪ್ಯಾಕ್ ಮಾಡುವ ಒಂದೇ ಕೆಲಸವೋ, ಇಲ್ಲಾ ಪ್ಯಾಕಿಂಗ್ ಬೇರೆ, ಹಂಚುವುದು ಬೇರೆ ಅಂತ ಎರಡು ಕೆಲಸವೋ? ಹಾಲಿನ ಕಂಪನಿಯೊಂದರ ಡ್ರೈವರುಗಳು ‘ಪಟ್ಟಿಯಲ್ಲಿರುವುದು ಪ್ಯಾಕಿಂಗ್ ಮಾತ್ರ, ನಾವು ಮಾಡುವುದು ಸಾಗಾಟ, ನಮಗೆ ಓವರ್‌ಟೈಮ್ ಕೊಡಿ’ ಅಂದರು. 2017ರಲ್ಲಿ ಮೇಲ್ಮನವಿ ಕೋರ್ಟು, ಈ ಸಾಲಿನ ಅರ್ಥ ಸ್ಪಷ್ಟವಿಲ್ಲ, ಹಾಗಾಗಿ ಕೆಲಸಗಾರರ ಪರವಾಗಿಯೇ ಓದಬೇಕು ಅಂದಿತು. ಮರುವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಶಾಸನಸಭೆ ಆ ಸಾಲನ್ನು ತಿದ್ದಿ, ಇನ್ಯಾರೂ ತಕರಾರು ತೆಗೆಯದ ಹಾಗೆ ಕೆಲಸ ಕೆಲಸದ ನಡುವೆಯೂ ಒಂದೊಂದು ಸೆಮಿಕೋಲನ್ (;) ಜಡಿಯಿತು.